ಸಗಣಿಗೊಂದು ಶಿಫಾರಸು ಪತ್ರ

ಸಿಡ್ನಿ ವಿಮಾನ ನಿಲ್ದಾಣ

ಆಸ್ಟ್ರೇಲಿಯಾಕ್ಕೆ ಹೋಗಿಬಂದವರು ಸಾಮಾನ್ಯವಾಗಿ ಸಮುದ್ರದಂಡೆಯ ಆ ಬಿಳಿ ಕಟ್ಟಡದ ಮುಂದೆ ನಿಂತ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರ ಅಂಥ ಫೋಟೊ ಇಲ್ಲ. ಇರುವುದು ಒಂದು ಪತ್ರ. ವಿಜ್ಞಾನಿಯೊಬ್ಬರು ವಿಶ್ವವಿದ್ಯಾಲಯದ ಹೆಸರಿರುವ ಹಾಳೆಯ ಮೇಲೆ, "ಈ ಡಬ್ಬಿಯಲ್ಲಿರುವುದು ಸಗಣಿ, ಬೇರೇನೂ ಅಲ್ಲ" ಎಂದು ಬರೆದು ಸಹಿ ಮಾಡಿದ ಪತ್ರ. ಕೇಳಿದವರಿಗೆಲ್ಲ ಅದನ್ನೇ ತೋರಿಸುತ್ತೇನೆ.

ನಾನು ತಿಪಟೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಪ್ರತಿ ಜೂನ್ ತಿಂಗಳು ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತು, ಈ ವರ್ಷವೂ ಬರಬಹುದೇ ಎಂದು ಕೇಳಬೇಕಾದ ಅತಿಥಿ. ನನ್ನ ಸಂಶೋಧನೆ ಸಗಣಿ ಹುಳಗಳ ಮೇಲೆ. ಮದುವೆ ಮನೆಯಲ್ಲಿ ಇದನ್ನು ಹೇಳಿದರೆ ಪಕ್ಕದಲ್ಲಿ ಕೂತವರು ಪಾಯಸದ ಲೋಟ ಕೆಳಗಿಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಮಾತ್ರ ಈ ವಿಷಯಕ್ಕೆ ಭಾರಿ ಮರ್ಯಾದೆ. ಅಲ್ಲಿಗೆ ಹಡಗಿನಲ್ಲಿ ದನ ತಂದವರು, ಸಗಣಿಯನ್ನು ಮಣ್ಣಿಗೆ ಸೇರಿಸುವ ಹುಳಗಳನ್ನು ತರಲಿಲ್ಲ. ಕಾಂಗರೂ ಹಿಕ್ಕೆಗೆ ಒಗ್ಗಿದ್ದ ಅಲ್ಲಿನ ಹುಳಗಳು ದನದ ಸಗಣಿಯನ್ನು ಅಷ್ಟಾಗಿ ಮೂಸಲಿಲ್ಲ. ಹುಲ್ಲುಗಾವಲೆಲ್ಲ ಸಗಣಿಯಾಗಿ, ನೊಣ ಮುತ್ತಿ, ಕೊನೆಗೆ ಬೇರೆ ದೇಶಗಳಿಂದ ಹುಳ ತರಿಸಿಕೊಂಡರು. ಅಂಥ ದೇಶದಲ್ಲಿ ಪಿಎಚ್‌ಡಿ ಮಾಡಲು ಫೆಲೋಶಿಪ್ ಸಿಕ್ಕರೆ ಮೂರು ನಾಲ್ಕು ವರ್ಷ ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ. ಎರಡು ಸಲ ಅರ್ಜಿ ಹಾಕಿ ಎರಡು ಸಲವೂ 'ವಿಷಾದಿಸುತ್ತೇವೆ' ಎಂಬ ಉತ್ತರ ಪಡೆದಿದ್ದೆ. ಮೂರನೆಯದೇ ಕೊನೆಯದು ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದೆ.

ಅಷ್ಟರಲ್ಲಿ ಸಿಡ್ನಿಯ ಕೀಟಶಾಸ್ತ್ರದ ಕಾರ್ಯಾಗಾರವೊಂದಕ್ಕೆ ಅದನ್ನು ನಡೆಸುವವರೇ ಟಿಕೆಟ್ ಕಳಿಸಿ ಕರೆದರು. ವಿಷಯ ತಿಳಿದು ಮೆಲ್ಬರ್ನ್‌ನ ಗ್ರಹಾಂ, ಅರ್ಜಿಯಲ್ಲಿ ನನಗೆ ಮಾರ್ಗದರ್ಶಕರಾಗಲು ಒಪ್ಪಬೇಕಾಗಿದ್ದವರು, ಇಷ್ಟು ದೂರ ಬಂದವರು ಇಲ್ಲಿಗೂ ಬನ್ನಿ ಎಂದು ಇಮೇಲ್ ಮಾಡಿದರು. ಮಾತುಕತೆ ಗುರುವಾರ, ಅರ್ಜಿಗೆ ಕೊನೆಯ ದಿನ ಶುಕ್ರವಾರ.

ವಿಮಾನದಲ್ಲಿ ಒಂದು ಕಾರ್ಡ್ ಕೊಟ್ಟರು. ಕಳೆದ ಒಂದು ತಿಂಗಳಲ್ಲಿ ಹೊಲಕ್ಕೆ ಹೋಗಿದ್ದೀರಾ, ದನಕರುಗಳ ಹತ್ತಿರ ಇದ್ದಿರಾ, ನಿಮ್ಮ ಪಾದರಕ್ಷೆಗೆ ಮಣ್ಣು ಮೆತ್ತಿದೆಯೇ ಎಂಬ ಪ್ರಶ್ನೆಗಳು. ನನ್ನ ಇಡೀ ಬದುಕನ್ನು ಬಲ್ಲವರೇ ಬರೆದ ಪ್ರಶ್ನೆಪತ್ರಿಕೆಯಂತಿತ್ತು. ಎಲ್ಲಕ್ಕೂ ಹೌದು ಎಂದು ಟಿಕ್ ಮಾಡಿದೆ. ಇಳಿದ ಕೂಡಲೇ ನನ್ನನ್ನು ಸಾಲಿನಿಂದ ಪಕ್ಕಕ್ಕೆ ಕರೆದರು. ಸಮವಸ್ತ್ರದ ಮಹಿಳೆಯೊಬ್ಬರು ಸೂಟ್‌ಕೇಸ್ ಬಿಚ್ಚಿಸಿ, ಅಮ್ಮನ ಚಟ್ನಿಪುಡಿಯನ್ನು ಬಿಟ್ಟು, ನನ್ನ ಫೀಲ್ಡ್ ಬೂಟುಗಳನ್ನು ಎತ್ತಿಕೊಂಡರು.

"ಇದಕ್ಕೆ ಮೆತ್ತಿರುವುದು ಏನು?"

"ಸಗಣಿ, ಮೇಡಂ. ತಿಪಟೂರಿನದು."

ಅವರು ಬೂಟುಗಳನ್ನು ಒಳಗೆ ಒಯ್ದರು. ಮುಟ್ಟುಗೋಲು ಹಾಕಿದರು, ಮುಂದೆ ದಂಡ ಎಂದು ನಾನು ಬೆವರುತ್ತ ನಿಂತೆ. ಹತ್ತು ನಿಮಿಷದ ನಂತರ ಅವರು ಬೂಟುಗಳನ್ನು ತೊಳೆದು, ಅಟ್ಟೆಯ ಸಂದಿಯನ್ನೆಲ್ಲ ಬ್ರಷ್‌ನಿಂದ ಉಜ್ಜಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದುಕೊಟ್ಟು, ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದರು. ನಮ್ಮ ತಾಲ್ಲೂಕು ಕಚೇರಿಯಲ್ಲಿ ಒಂದು ಸೀಲು ಒತ್ತಿಸಿಕೊಳ್ಳಲು ಮೂರು ದಿನ ಅಲೆದಿದ್ದ ನನಗೆ, ಸರ್ಕಾರಿ ಅಧಿಕಾರಿಯೊಬ್ಬರು ಬೂಟು ತೊಳೆದುಕೊಟ್ಟದ್ದನ್ನು ಅರಗಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಟೂಂಗಾಬಿ

ಉಳಿದುಕೊಂಡದ್ದು ಗೀತಕ್ಕನ ಮನೆಯಲ್ಲಿ. ಮೈಸೂರಿನ ಹಾಸ್ಟೆಲಿನಲ್ಲಿ ನನಗೆ ಸೀನಿಯರ್ ಆಗಿದ್ದವಳು. ಗಂಡ ರವಿ ಭಾವನಿಗೆ ಐಟಿ ಕೆಲಸ, ಆರು ವರ್ಷದ ಮಗಳು ಅನಘಾ. ನಮ್ಮವರೇ ತುಂಬಿರುವ ಸಿಡ್ನಿಯ ಬಡಾವಣೆ ಟೂಂಗಾಬಿಯಲ್ಲಿ ರೈಲು ಇಳಿದರೆ ಕರಿಬೇವಿನ ವಾಸನೆ ಬರುತ್ತದೆ. ಕಾರ್ಯಾಗಾರದ ಐದು ದಿನಗಳ ಬಗ್ಗೆ ಬರೆಯುವುದಿಲ್ಲ, ಬಿಸ್ಕತ್ತು ಒಂದನ್ನು ಬಿಟ್ಟರೆ ಎಲ್ಲ ಕಾರ್ಯಾಗಾರಗಳೂ ಒಂದೇ. ಮನೆಯಲ್ಲಿ ನಡೆದದ್ದು ಅದಕ್ಕಿಂತ ಸ್ವಾರಸ್ಯವಾಗಿತ್ತು.

ಗೀತಕ್ಕನವರು ಬಾಡಿಗೆ ಮನೆ ಬಿಟ್ಟು ಎರಡು ಬೀದಿ ಆಚೆ ಸ್ವಂತ ಮನೆ ಕೊಂಡಿದ್ದರು. ಶನಿವಾರ ಗೃಹಪ್ರವೇಶ. ಪಂಚಗವ್ಯಕ್ಕೆ ಹಾಲು, ಮೊಸರು, ತುಪ್ಪ ಸಿದ್ಧವಿತ್ತು. ಗೋಮೂತ್ರವೂ ಸಿಕ್ಕಿತ್ತು. ಹೇಗೆ ಸಿಕ್ಕಿತೆಂದು ನಾನು ಕೇಳಲಿಲ್ಲ. ಸಿಗದೇ ಇದ್ದದ್ದು ಸಗಣಿ.

"ಗಾರ್ಡನ್ ಶಾಪಲ್ಲಿ ಸಿಗತ್ತೆ ಅಂತ ತಂದ್ವಿ," ಎಂದು ಗೀತಕ್ಕ ಗ್ಯಾರೇಜಿಗೆ ಕರೆದೊಯ್ದು ಒಂದು ಚೀಲ ತೋರಿಸಿದಳು. ಅದರ ಮೇಲೆ ಇಪ್ಪತ್ತೈದು ಲೀಟರ್ ಎಂದು ಬರೆದಿತ್ತು. ಸಗಣಿಯನ್ನು ಲೀಟರಿನಲ್ಲಿ ಅಳೆಯುವ ದೇಶ ನೋಡಿದ್ದು ಅದೇ ಮೊದಲು. "ಭಟ್ಟರು ರಿಜೆಕ್ಟ್ ಮಾಡ್ಬಿಟ್ರು ಕಣೇ. ಅದ್ರಲ್ಲಿ ಏನೇನೋ ಮಿಕ್ಸ್ ಮಾಡಿರ್ತಾರಂತೆ. ಫ್ರೆಶ್ ಆಗಿರ್ಬೇಕು, ಕಾಯಿಲೆ ಔಷಧಿ ಏನೂ ಇಲ್ದಿರೋ ಹಸುದು ಆಗಿರ್ಬೇಕು ಅಂತಾರೆ."

ಈ ಭಟ್ಟರು ವಾರದ ದಿನಗಳಲ್ಲಿ ಬ್ಯಾಂಕೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುವವರು, ವಾರಾಂತ್ಯಕ್ಕೆ ಪುರೋಹಿತರು. ಎರಡೂ ಕಡೆ ಕಟ್ಟುನಿಟ್ಟು.

"ನೀನು ಹೇಗೂ ಮೆಲ್ಬರ್ನ್‌ಗೆ ಸಗಣಿ ವಿಷಯಕ್ಕೇ ಹೋಗ್ತಿದೀಯಲ್ಲ," ಎಂದ ರವಿ ಭಾವ. "ಬರೋವಾಗ ಸ್ವಲ್ಪ ತಂದ್ಬಿಡಮ್ಮ."

ಮಾವಿನಹಣ್ಣು ತಾ ಎಂದಷ್ಟು ಸಲೀಸಾಗಿ ಹೇಳಿದ. ನಾನು ಹೋಗುತ್ತಿರುವುದು ಬದುಕಿನ ಮುಖ್ಯ ಸಂದರ್ಶನಕ್ಕೆ ಎಂದೆ. "ಹಾಗಾದ್ರೆ ಸಂದರ್ಶನ ಮುಗಿದ್ಮೇಲೆ ಕೇಳು," ಎಂದ.

ಚಾಟ್ಸ್‌ವುಡ್

ಅರ್ಜಿಯನ್ನು ಅಚ್ಚುಕಟ್ಟಾಗಿ ಪ್ರಿಂಟ್ ತೆಗೆಸಲು ಬುಧವಾರ ಮಧ್ಯಾಹ್ನ ರವಿ ಭಾವನ ಆಫೀಸಿಗೆ ಹೋದೆ. ಚಾಟ್ಸ್‌ವುಡ್‌ನ ಗಾಜಿನ ಕಟ್ಟಡ. ಅಲ್ಲಿನವರು ಊಟದ ಹೊತ್ತಿಗೆ ಸರಿಯಾಗಿ ಎದ್ದು, ಒಬ್ಬೊಬ್ಬರೇ ಪೊಟ್ಟಣ ಬಿಚ್ಚಿ, ಯಾರಿಗೂ 'ತಗೊಳ್ಳಿ' ಎನ್ನದೆ ತಿನ್ನುತ್ತಾರೆ. ನಾನು ಅಭ್ಯಾಸಬಲದಿಂದ ಕೋಡುಬಳೆ ಚಾಚಿದೆ. ಪಕ್ಕದ ಟೇಬಲಿನವನು ಇದಕ್ಕೆ ಪ್ರತಿಯಾಗಿ ತಾನೇನು ಕೊಡಬೇಕೆಂದು ಗಾಬರಿಯಾಗಿ, ಒಂದು ಬಾಳೆಹಣ್ಣನ್ನು ತಂದಿಟ್ಟುಹೋದ.

ರವಿ ಭಾವ ನನ್ನ ಅರ್ಜಿಯನ್ನು ಪೆನ್ನು ಹಿಡಿದೇ ಓದಿದ.

"ಇದ್ರಲ್ಲಿ ಏಳು ಪ್ಯಾರಾ ಇದೆ. ಐದು ಪ್ಯಾರಾ ಡಾಕ್ಟರ್ ಶಿವನಂಜಪ್ಪನವರ ಬಗ್ಗೆ. ಯಾರಿವ್ರು?"

"ನಮ್ಮ ಗೈಡು. ಅವರ ದೂರದೃಷ್ಟಿ, ಅವರ ಸಮರ್ಥ ಮಾರ್ಗದರ್ಶನ ಅಂತ ಬರೀಲೇಬೇಕಲ್ಲ ಭಾವ."

"ನೀನೆಲ್ಲಿ ಬರ್ತೀಯ?"

"ಕೊನೇಲಿ. ವಿನಮ್ರ ವಿದ್ಯಾರ್ಥಿನಿ ಅಂತ."

ಅವನಿಗೆ ಇದು ಹಿಡಿಸಲಿಲ್ಲ. ಐಟಿ ರೆಸ್ಯುಮೆಯ ಹದಕ್ಕೆ ತರಲು ಕೂತ. ನಲವತ್ತು ಸಾವಿರ ಹುಳಗಳ ತಂಡವನ್ನು ಮುನ್ನಡೆಸಿದ್ದಾಳೆ ಎಂದು ಸೇರಿಸಿದ. ನಾನು ಹುಳಗಳನ್ನು ಮುನ್ನಡೆಸಿಲ್ಲ, ಅವುಗಳ ಹಿಂದೆ ಹೋಗಿದ್ದೇನೆ ಎಂದರೆ, "ಕಾನ್ಫಿಡೆನ್ಸ್ ಸಾಲ್ದು ನಿಂಗೆ," ಎಂದ. ಜಗಳವಾಡಿ ಅದನ್ನು ತೆಗೆಸಿದೆ. ಐದು ಪ್ಯಾರಾ ಶಿವನಂಜಪ್ಪನವರು ಹಾಗೇ ಉಳಿದರು.

ಒಂದು ಪುಟವನ್ನು ಮಾತ್ರ ನಾನೇ ತಿಪಟೂರಿನಲ್ಲೇ ತೆಗೆದುಹಾಕಿದ್ದೆ. ಕಾಲೇಜಿನ ಹಿಂದೆ ಬೆರಣಿ ತಟ್ಟುವ ಸಾಕಮ್ಮ ಹೇಳಿದ ಒಂದು ಸಂಗತಿ, ಅದರ ಬೆನ್ನು ಹತ್ತಿ ಹನ್ನೊಂದು ತಿಂಗಳು ನಾನು ಮಾಡಿದ ಎಣಿಕೆ. ಶಿವನಂಜಪ್ಪ ಸಾರ್ ಅದನ್ನು ಓದಿ, "ಬೆರಣಿ ತಟ್ಟೋಳ ಮಾತು ಬರೆದ್ರೆ ನಗ್ತಾರಮ್ಮ," ಎಂದಿದ್ದರು. ಎರಡು ಸಲ ವಿಷಾದ ತಿಂದವಳಿಗೆ ನಗಿಸಿಕೊಳ್ಳುವ ಧೈರ್ಯ ಇರಲಿಲ್ಲ.

ಮೆಲ್ಬರ್ನ್, ಗುರುವಾರ

ಗ್ರಹಾಂ ಅರವತ್ತರ ಆಸುಪಾಸಿನವರು. ಚಡ್ಡಿ ಹಾಕಿಕೊಂಡು ಕಾಲೇಜಿಗೆ ಬಂದಿದ್ದರು. ಅವರೇ ಟೀ ಮಾಡಿಕೊಟ್ಟರು. ಪ್ರೊಫೆಸರು ಟೀ ಮಾಡುತ್ತಿದ್ದರೆ ವಿದ್ಯಾರ್ಥಿನಿ ಕೂತಿರಬೇಕೋ ನಿಂತಿರಬೇಕೋ ಎಂದು ತಿಳಿಯದೆ, ಕುರ್ಚಿಯ ಅಂಚಿನಲ್ಲಿ ಎರಡರ ನಡುವಿನ ಭಂಗಿಯಲ್ಲಿದ್ದೆ.

ಮೊದಲು ನನ್ನ ಫೈಲು ಬಿಚ್ಚಿದೆ. ಎಸ್ಸೆಸ್ಸೆಲ್ಸಿಯಿಂದ ಎಂಎಸ್ಸಿವರೆಗಿನ ಅಂಕಪಟ್ಟಿ, ಪ್ರತಿಯೊಂದರ ಮೇಲೂ ಗೆಜೆಟೆಡ್ ಅಧಿಕಾರಿಗಳ ಹಸಿರು ಶಾಯಿಯ ಸಹಿ. ಗ್ರಹಾಂ ಬೆರಳಿನಿಂದ ಆ ಹಸಿರನ್ನು ಮುಟ್ಟಿನೋಡಿದರು.

"ಇವರು ಯಾರು?"

"ಪಶುವೈದ್ಯಾಧಿಕಾರಿಗಳು, ಸರ್."

"ನಿಮ್ಮ ಅಂಕಗಳು ನಿಜವೆಂದು ಪಶುವೈದ್ಯರು ಹೇಳಬೇಕೇ?"

ಹೌದು ಎಂದೆ. ನಮ್ಮಲ್ಲಿ ಅದು ಸಹಜ. ಅವರು ತುಂಬ ಗೌರವದಿಂದ ಫೈಲು ಮುಚ್ಚಿಟ್ಟು, ಅರ್ಜಿ ತೆಗೆದುಕೊಂಡು ಓದತೊಡಗಿದರು. ಓದಿ ಮುಗಿಸಿ ಕನ್ನಡಕ ತೆಗೆದರು.

"ನಿಮ್ಮ ಶಿವನಂಜಪ್ಪನವರು ದೊಡ್ಡ ಮನುಷ್ಯರೆಂದು ತೋರುತ್ತದೆ. ಈ ಫೆಲೋಶಿಪ್ ಅವರಿಗೆ ಕೊಡಬಹುದು. ಅವರಿಗೆ ವಯಸ್ಸೆಷ್ಟು?"

"ಐವತ್ತೆಂಟು," ಎಂದೆ.

ಅವರು ವ್ಯಂಗ್ಯಕ್ಕೆ ಹೇಳಿದ್ದಲ್ಲ, ಬೇಸರದಿಂದ ಹೇಳಿದ್ದು. ಅದೇ ನನಗೆ ಹೆಚ್ಚು ಚುಚ್ಚಿತು. ನೀವು ಏನನ್ನು ತಿಳಿಯಬೇಕೆಂದು ಬಂದಿದ್ದೀರಿ ಎಂಬುದೇ ಇದರಲ್ಲಿಲ್ಲ, ಸಮಿತಿ ಇದನ್ನು ಎರಡು ನಿಮಿಷದಲ್ಲಿ ಪಕ್ಕಕ್ಕಿಡುತ್ತದೆ ಎಂದರು. ಆಮೇಲೆ, ಹೇಗೂ ಕಾರು ಸಿದ್ಧವಿದೆ, ಹುಲ್ಲುಗಾವಲನ್ನಾದರೂ ನೋಡಿಕೊಂಡು ಹೋಗಿ ಎಂದರು. ಮನೆಗೆ ಬಂದವರಿಗೆ ಕೆಲಸವಾಗದಿದ್ದರೂ ಕಾಫಿ ಕೊಟ್ಟು ಕಳಿಸುವ ಧ್ವನಿ ಅದು. ಮೂರನೆಯ ವಿಷಾದ ಬಾಯಿಮಾತಿನಲ್ಲೇ ಬಂದಿತ್ತು. ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ, ಕಣ್ಣು ತುಂಬಿಬಂದದ್ದು ಕಾಣದಿರಲಿ ಎಂದು.

ಕ್ಲೈಡ್ ನಾರ್ತ್

ಊರಿನ ಆಗ್ನೇಯಕ್ಕೆ ಬಹಳ ದೂರ ಹೋದೆವು. ಹಸಿರು ಬಯಲು, ತಂತಿ ಬೇಲಿ, ಕಪ್ಪುಬಿಳುಪು ದನಗಳು. ಬೇಲಿಯ ಒಂದು ಮೂಲೆಯಲ್ಲಿ ಸೈಟುಗಳು ಮಾರಾಟಕ್ಕಿವೆ ಎಂಬ ದೊಡ್ಡ ಬೋರ್ಡು, ಅದರಲ್ಲಿ ನಗುತ್ತಿರುವ ಒಂದು ಸಂಸಾರ. ಬೆಂಗಳೂರಿನ ಹೊರವಲಯದಲ್ಲೂ ಇದೇ ಸಂಸಾರವನ್ನು ನೋಡಿದ ನೆನಪು.

ಫೆಲೋಶಿಪ್ ಅಂತೂ ಹೋಯಿತು, ಗೀತಕ್ಕನ ಕೆಲಸವಾದರೂ ಆಗಲಿ ಎನ್ನಿಸಿತು. ಕಳೆದುಕೊಳ್ಳಲು ಏನೂ ಉಳಿಯದಿದ್ದಾಗ ಬರುವ ಧೈರ್ಯವೇ ಬೇರೆ. "ಸರ್, ನನಗೆ ಸ್ವಲ್ಪ ಸಗಣಿ ಬೇಕು. ಪೂಜೆಗೆ," ಎಂದೆ.

ಗ್ರಹಾಂ ಒಂದು ಹೆಜ್ಜೆಯೂ ತಪ್ಪದೆ, "ಎಷ್ಟು ಬೇಕಾದರೂ ತೆಗೆದುಕೊಳ್ಳಿ," ಎಂದು ಕೈಗವಸು ಕೊಟ್ಟರು.

ಅದನ್ನು ಜೇಬಿಗೆ ತುರುಕಿ ಕೂತೆ. ನಾಲ್ಕಾರು ಕಡೆ ಸಗಣಿಯನ್ನು ಬರಿಗೈಯಲ್ಲೇ ಮಗುಚಿ ನೋಡಿದೆ. ಹೊಸದು, ಹಳೆಯದು, ಎಲ್ಲವೂ ಅಂಚು ಒಡೆಯದೆ ರೊಟ್ಟಿಯ ಹಾಗೆ ಇದ್ದವು. ಒಂದು ತೂತಿಲ್ಲ, ಕೆಳಗೆ ಒಂದು ಹಿಡಿ ಮಣ್ಣು ಎದ್ದಿಲ್ಲ. ಭಟ್ಟರ ಷರತ್ತು ನೆನಪಾಯಿತು.

"ಇದು ಬೇಡ ಸರ್. ಈ ದನಗಳಿಗೆ ಔಷಧಿ ಹಾಕಿದ್ದಾರೆ."

ಗ್ರಹಾಂ ನನ್ನ ಮುಖ ನೋಡಿದರು. ಮೊಬೈಲು ತೆಗೆದು ರೈತನಿಗೆ ಫೋನ್ ಮಾಡಿದರು. ಎರಡು ವಾರದ ಕೆಳಗೆ ಹೊಟ್ಟೆಹುಳುವಿನ ಔಷಧಿಯನ್ನು ಬೆನ್ನಿನ ಮೇಲೆ ಸುರಿದಿದ್ದೇನೆ ಎಂದನಂತೆ ಅವನು.

"ನಿಮಗೆ ಹೇಗೆ ಗೊತ್ತಾಯಿತು?"

"ಇದು ಬೆರಣಿಗೆ ತುಂಬ ಚೆನ್ನಾಗಿದೆ."

ಇದು ಉತ್ತರವಲ್ಲ ಎಂದು ಅವರ ಹುಬ್ಬು ಹೇಳಿತು. ಆಗ ಸಾಕಮ್ಮನ ವಿಷಯ ಹೇಳಿದೆ. ಒಂದು ದಿನ ಅವಳು ಬಯಲಿನಲ್ಲಿ ಕೆಲವು ಸಗಣಿಯನ್ನು ಬಿಟ್ಟು ಕೆಲವನ್ನು ಮಾತ್ರ ಬುಟ್ಟಿಗೆ ಹಾಕುತ್ತಿದ್ದಳು. ಯಾಕೆಂದು ಕೇಳಿದ್ದಕ್ಕೆ, "ಹುಳ ಕೊರ್ದಿದ್ದು ತಟ್ಟಕ್ಕೆ ಬರಾಕಿಲ್ಲ ಕಣವ್ವ, ಮಣ್ಣು ಸೇರ್ಕಂಡಿರ್ತದೆ. ಸೂಜಿ ಹಾಕ್ಸಿದ್ ಹಸೀದು ನೋಡು, ಹುಳ ಮುಟ್ಟಾಕಿಲ್ಲ, ಬೆರಣಿ ಗಟ್ಟಿ ಬತ್ತದೆ," ಎಂದಿದ್ದಳು. ಅವಳಂಥ ಹೆಂಗಸರೆಲ್ಲ ಮೊದಲು ಎತ್ತುವುದು ಔಷಧಿಯ ಸಗಣಿಯನ್ನೇ.

ಗ್ರಹಾಂ ನನ್ನೆದುರು ಕುಕ್ಕರಿಸಿದರು. "ಔಷಧಿ ಹುಳಗಳಿಗೆ ವಿಷ ಎಂಬುದು ನಮಗೆ ಗೊತ್ತಿರುವ ವಿಷಯ. ಆದರೆ ಆ ವಿಷವನ್ನೇ ಆರಿಸಿ ಬಯಲಿನಿಂದ ಎತ್ತಿಕೊಂಡು ಹೋಗುವವರು ಇದ್ದಾರೆಂದು ನಾನು ಕೇಳಿಯೇ ಇಲ್ಲ. ಹಾಗಿದ್ದರೆ ಅವರು ಎತ್ತುವ ಬಯಲಿನಲ್ಲಿ ಹುಳಗಳು ಉಳಿದಿರಬೇಕಲ್ಲ?"

"ಉಳಿದಿವೆ. ಅವರು ಎತ್ತುವ ಬಯಲು, ಎತ್ತದ ಬಯಲು, ಎರಡರಲ್ಲೂ ಹನ್ನೊಂದು ತಿಂಗಳು ಎಣಿಸಿದ್ದೇನೆ."

"ಆ ಎಣಿಕೆ ಎಲ್ಲಿದೆ?"

"ಚೀಲದಲ್ಲಿ, ನೋಟ್‌ಬುಕ್ಕಿನಲ್ಲಿ."

"ಅರ್ಜಿಯಲ್ಲಿ ಯಾಕಿಲ್ಲ?"

ಕೈಯಲ್ಲಿ ಸಗಣಿ ಹಿಡಿದುಕೊಂಡು ಸುಳ್ಳು ಹೇಳಲು ನನಗೆ ಆಗಲಿಲ್ಲ. "ಹೇಳಿದವಳು ಬೆರಣಿ ತಟ್ಟುವವಳು. ಅವಳಿಗೆ ಡಿಗ್ರಿ ಇಲ್ಲ."

"ಹುಳಗಳಿಗೂ ಇಲ್ಲವಲ್ಲ," ಎಂದರು ಗ್ರಹಾಂ.

ಮೆಲ್ಬರ್ನ್, ಶುಕ್ರವಾರ

ಗ್ರಹಾಂ ಅವರ ವಿಭಾಗದ ಟೀ ಕೋಣೆಯಲ್ಲಿ ಬೆಳಿಗ್ಗೆ ಕೂತು ಅರ್ಜಿಯನ್ನು ಹೊಸದಾಗಿ ಬರೆದೆ. ಸಾಕಮ್ಮ ಮೊದಲ ಪ್ಯಾರಾದಲ್ಲೇ ಬುಟ್ಟಿ ಹಿಡಿದು ನಿಂತಳು. ಟೀಗೆ ಬಂದವರೆಲ್ಲ ನನ್ನ ಹೆಗಲ ಮೇಲಿಂದ ಇಣುಕಿ, ಕೇಳದೆಯೇ ಒಂದೊಂದು ಅಲ್ಪವಿರಾಮ ತಿದ್ದಿಹೋದರು. ಈ ವಿಷಯದಲ್ಲಿ ಅವರಿಗೂ ನಮ್ಮ ಸ್ಟಾಫ್‌ರೂಮಿಗೂ ವ್ಯತ್ಯಾಸ ಕಾಣಲಿಲ್ಲ.

ದೊಡ್ಡ ಭಯ ಒಂದೇ ಉಳಿದಿತ್ತು. ಶಿಫಾರಸು ಬರೆಯಬೇಕಾದವರು ಶಿವನಂಜಪ್ಪ ಸಾರ್. ಅವರಿಗೆ ತಿಳಿಸದೆ ಐದು ಪ್ಯಾರಾ ಅವರನ್ನು ಅಳಿಸಿದ್ದೆ. ಅವರು ಮುನಿಸಿಕೊಂಡರೆ ಅರ್ಜಿ ಅಲ್ಲಿಗೇ ಮುಗಿಯಿತು. ಆಗಿನ ಕಾಲದ ಫೋನ್ ಕಾರ್ಡು ಗೀಚಿ, ಅದರಲ್ಲಿದ್ದ ಅಷ್ಟುದ್ದದ ನಂಬರು ಒತ್ತಿದೆ. ಅಲ್ಲಿ ಅವರು ಪೇಪರ್ ಓದುತ್ತ ಕಾಫಿ ಕುಡಿಯುವ ಹೊತ್ತು. ಎಲ್ಲ ಹೇಳಿದೆ.

ಕಾರ್ಡಿನ ನಿಮಿಷಗಳು ಮುಗಿಯುತ್ತಿದ್ದವು.

"ಸಾಕಮ್ಮನ ಹೆಸರು ಹಾಕಿದೀಯಾ?"

"ಹಾಕಿದೀನಿ ಸಾರ್. ಕೃತಜ್ಞತೆಯಲ್ಲಿ."

"ನನ್ನದು?"

"ಅದೂ ಇದೆ ಸಾರ್. ಅವಳಾದ ಮೇಲೆ."

"ಅವಳಾದ ಮೇಲಾ?"

"ಇಂಗ್ಲಿಷಿನ ಅಕಾರಾದಿ ಸಾರ್," ಎಂದೆ, ಆ ಕ್ಷಣಕ್ಕೆ ಹೊಳೆದದ್ದನ್ನು.

ಅವರು ಕೆಮ್ಮಿದರು. ನಗುವನ್ನು ಅವರು ಹಾಗೆಯೇ ಮುಚ್ಚಿಕೊಳ್ಳುವುದು. "ಕನ್ನಡದಲ್ಲಾಗಿದ್ರೆ ನಾನೇ ಮೊದ್ಲು ಬರ್ತಿದ್ದೆ," ಎಂದರು. ಆಮೇಲೆ, "ಆ ಪುಟ ತೆಗೆಸಿದ್ದು ನನ್ ತಪ್ಪು ಕಣಮ್ಮ. ನಂಗೇ ಧೈರ್ಯ ಇರ್ಲಿಲ್ಲ. ಹಾಕು. ಇಮೇಲ್ ಸೆಂಟರ್ ತೆಗೀತಿದ್ದ ಹಾಗೇ ಪತ್ರ ಕಳಿಸ್ತೀನಿ," ಎಂದರು. ಅವರ ಬಗ್ಗೆ ಐದು ಪ್ಯಾರಾ ಬರೆಯುವಾಗ ಇಲ್ಲದ ಗೌರವ ಆಗ ಹುಟ್ಟಿತು. ಅರ್ಜಿ ಕೊಟ್ಟು ಕೌಂಟರಿನಿಂದ ತಿರುಗಿದಾಗ ಐದು ಗಂಟೆಗೆ ಇನ್ನೂ ಹದಿನೈದು ನಿಮಿಷ ಇತ್ತು.

ಗ್ರಹಾಂ ಒಂದು ಡಬ್ಬಿಯೊಂದಿಗೆ ಕಾಯುತ್ತಿದ್ದರು. ಔಷಧಿ ಹಾಕದ ಅವರದೇ ಪ್ರಯೋಗದ ಹಸುವಿನದು. ಹಸುವಿನ ನಂಬರು, ವಯಸ್ಸು, ಮೇವು ಎಲ್ಲ ಬರೆದ ಚೀಟಿ. ಜೊತೆಗೆ ಆ ಪತ್ರ. ಆಸ್ಟ್ರೇಲಿಯಾದಲ್ಲಿ ನನಗೆ ಸಿಕ್ಕ ಮೊದಲ ಶಿಫಾರಸು ನನ್ನದಾಗಿರಲಿಲ್ಲ, ಸಗಣಿಯದಾಗಿತ್ತು. ವಿಮಾನ ನಿಲ್ದಾಣದ ತಪಾಸಣೆಯವನು ಪತ್ರವನ್ನು ಎರಡು ಸಲ ಓದಿ, ಡಬ್ಬಿಯ ಮುಚ್ಚಳ ತೆಗೆಯದೆ, ಎರಡು ಬೆರಳಿನಲ್ಲಿ ಹಿಡಿದು ನನ್ನ ಕಡೆ ಸರಿಸಿದ.

ಟೂಂಗಾಬಿ, ಶನಿವಾರ

ಭಟ್ಟರು ಚೀಟಿಯನ್ನು ಪೂರ್ತಿ ಓದಿದರು. "ಇಷ್ಟು ಡಾಕ್ಯುಮೆಂಟೇಶನ್ ಇರೋ ಗೋಮಯ ನನ್ ಸರ್ವೀಸಲ್ಲೇ ನೋಡಿಲ್ಲ," ಎಂದು ಪೂಜೆಗೆ ಕೂತರು. ಡಬ್ಬಿ ತೆರೆದು ಬಟ್ಟಲಿಗೆ ಹಾಕಿದಾಗ ಸಗಣಿ ಅಲುಗಾಡಿತು. ಅದರೊಳಗಿಂದ ಕಪ್ಪನೆಯ ಹುಳವೊಂದು ಮೈ ಕೊಡವಿಕೊಂಡು ಹೊರಬಂದು, ರೇಷ್ಮೆ ಸೀರೆಗಳ ಕಡೆ ನಡೆಯತೊಡಗಿತು. ಆಂಟಿಯರೆಲ್ಲ ಸೋಫಾದ ಮೇಲೆ. ಅನಘಾ ಮಾತ್ರ ಕೂತು ಅದನ್ನು ಅಂಗೈಗೆ ತೆಗೆದುಕೊಂಡು, "ಆಂಟಿ, ಇಟ್ಸ್ ಸೋ ಸ್ಟ್ರಾಂಗ್," ಎಂದಳು.

"ಔಷಧಿ ಇಲ್ಲ ಅನ್ನೋದಕ್ಕೆ ಇದೇ ಸಾಕ್ಷಿ," ಎಂದೆ. "ಹುಳ ಬದುಕಿರೋ ಸಗಣಿಯೇ ಶುದ್ಧ."

ಭಟ್ಟರು ಒಂದು ಕ್ಷಣ ಯೋಚಿಸಿ, ಸೋಫಾದ ಮೇಲಿದ್ದವರಿಗೆ ಗಂಭೀರವಾಗಿ ವಿವರಿಸಿದರು, ಶಾಸ್ತ್ರದಲ್ಲೂ ಹಾಗೇ ಇದೆ ಎಂದು. ಅರೆ ನಿಮಿಷದ ಹಿಂದೆ ನಾನು ಹೇಳಿದ್ದು ಶಾಸ್ತ್ರವಾಗಿತ್ತು. ನಾನೂ ಕೈಮುಗಿದೆ.

ತಿಪಟೂರು

ನಾಲ್ಕು ತಿಂಗಳ ನಂತರ ಇಮೇಲ್ ಬಂತು. 'ವಿಷಾದ' ಎಂಬ ಪದವನ್ನು ಹುಡುಕುತ್ತ ಓದಿದೆ, ಸಿಗಲಿಲ್ಲ. ಮತ್ತೆ ಓದಿದೆ. ಪ್ರಿನ್ಸಿಪಾಲರ ಬಾಗಿಲನ್ನು ದಾಟಿಕೊಂಡು ನೇರ ಕಾಲೇಜಿನ ಹಿಂದಕ್ಕೆ ಓಡಿದೆ. ಸಾಕಮ್ಮ ಗೋಡೆಗೆ ಬೆರಣಿ ತಟ್ಟುತ್ತಿದ್ದಳು. ನೀನು ಹೇಳಿದ್ದನ್ನು ಬರೆದು ಗೆದ್ದೆ, ಅದರಲ್ಲಿ ನಿನ್ನ ಹೆಸರಿದೆ, ಆಸ್ಟ್ರೇಲಿಯಾದವರು ಓದಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದೆ.

"ಅಲ್ಲೂ ದನ ಸಗಣಿ ಹಾಕ್ತಾವಾ?"

"ಹಾಕ್ತಾವೆ. ಬಯಲು ತುಂಬ."

"ಯಾರ್ ಎತ್ತಾರೆ?"

"ಯಾರೂ ಎತ್ತಲ್ಲ ಸಾಕಮ್ಮ. ಎಲ್ಲ ಹುಳಾನೇ ಮಾಡ್ಬೇಕು. ಹುಳ ಸಾಲದೆ ಬೇರೆ ದೇಶದಿಂದ ತರಿಸ್ಕೊಂಡಿದಾರೆ."

ಸಾಕಮ್ಮ ತಟ್ಟಿದ ಕೈಯನ್ನು ಬೆರಣಿಯ ಮೇಲೇ ಬಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಂಗಾರೆ ಅವೂ ಸಾಲ್ದೆ ಈಗ ನಿನ್ನ ಕರೀತಾವ್ರೆ ಅನ್ನು."

ಹೌದು ಎಂದೆ. ಅವಳು ಕೈ ಎತ್ತಿದಾಗ ಗೋಡೆಯ ಮೇಲಿನ ಬೆರಣಿಯಲ್ಲಿ ಐದೂ ಬೆರಳುಗಳ ಗುರುತು ಮೂಡಿತ್ತು.